ಮೂಕ ಮಡುವಿನ ಸೂಜಿಗಾಳ

ಮೊದಲ ಕೂಗಿಗೆ ನಾನು ಓಗೊಡುವುದಿಲ್ಲ. ಇದು ನನ್ನ ಹೆಂಡತಿಯ ಹಳೆಯ ದೂರು. ಊಟಕ್ಕೆ ಕರೆದರೂ ಅಷ್ಟೇ, ಮನೆಗೆ ಬೆಂಕಿ ಬಿದ್ದಿದೆಯೆಂದು ಕರೆದರೂ ಅಷ್ಟೇ ಎನ್ನುತ್ತಾಳೆ. ಕಾಲೇಜಿನಲ್ಲಿ ಇದಕ್ಕೆ ಬೇರೆ ಅರ್ಥ ಹುಟ್ಟಿಕೊಂಡಿದೆ. ತರ್ಕಶಾಸ್ತ್ರದ ಮಾಸ್ತರರು ಸದಾ ಯಾವುದೋ ಗಹನ ವಿಚಾರದಲ್ಲಿ ಮುಳುಗಿರುತ್ತಾರೆಂದು ಹುಡುಗರು ನಂಬಿದ್ದಾರೆ. ಆ ನಂಬಿಕೆಯನ್ನು ಕೆಡಿಸುವ ಗೋಜಿಗೆ ನಾನು ಹೋಗಿಲ್ಲ. ನಿಜವೇನೆಂದರೆ, ಯಾರಾದರೂ ಕರೆದದ್ದು ಕಿವಿಗೆ ಬಿದ್ದೊಡನೆ ನಾನು ಸುತ್ತ ನೋಡುತ್ತೇನೆ. ಕರೆದವರು ಕಣ್ಣಿಗೆ ಕಂಡರೆ ಮಾತ್ರ ಬಾಯಿ ತೆರೆಯುತ್ತೇನೆ.

ಇದರ ಕಾರಣ ಮೊನ್ನೆ ತಾನಾಗಿಯೇ ಮನೆಗೆ ಬಂತು. ಯುದ್ಧ ಮುಗಿದರೂ ಬಟ್ಟೆಯ ಅಭಾವ ಮುಗಿದಿಲ್ಲವಷ್ಟೇ. ಹಳೆಯ ಕೋಟನ್ನು ತಿರುವಿ ಹೊಲಿಸಿದರೆ ಇನ್ನೂ ಮೂರು ವರ್ಷ ತಳ್ಳಬಹುದೆಂದು ಹೆಂಡತಿ ಅದನ್ನು ದರ್ಜಿಗೆ ಕೊಟ್ಟಿದ್ದಳು. ಅವನು ಬೆರಳಿಗೆ ಚಿಂದಿ ಸುತ್ತಿಕೊಂಡು, ಸಿಟ್ಟಿನಿಂದಲೇ ಬಂದ. ಕೋಟಿನ ಒಳಪದರದಲ್ಲಿ ಏನೋ ಚುಚ್ಚಿತಂತೆ. ಅಂಗೈ ಬಿಚ್ಚಿ ತೋರಿಸಿದ. ತುಕ್ಕು ಹಿಡಿದ ಒಂದು ದಪ್ಪ ಸೂಜಿ, ತುದಿಯನ್ನು ಕೊಕ್ಕೆಯಂತೆ ಬಗ್ಗಿಸಿದ್ದು. "ಇದರಿಂದ ಏನು ಹೊಲೀತಿದ್ರಿ?" ಎಂದು ಹೆಂಡತಿ ಕೇಳಿದಳು. ಮೀನು ಹಿಡಿಯುತ್ತಿದ್ದೆ ಎಂದೆ. ಆಕೆ ನಕ್ಕು ಒಳಗೆ ಹೋದಳು. ಲಿಂಗವಂತರ ಮನೆಯ ಗಂಡಸು, ಅದರಲ್ಲೂ ಈರುಳ್ಳಿ ಹೆಚ್ಚುವಾಗ ಕಣ್ಣು ಮುಚ್ಚಿಕೊಳ್ಳುವವನು, ಮೀನು ಹಿಡಿಯುತ್ತಿದ್ದನೆಂದರೆ ಯಾರು ನಂಬುತ್ತಾರೆ?

ಆಕೆ ನಂಬದಿದ್ದುದಕ್ಕೆ ನನಗೆ ಬೇಸರವಿಲ್ಲ. ಕೆಲವು ಸಂಗತಿಗಳನ್ನು ನಾನೇ ಅರ್ಧ ನಂಬುತ್ತೇನೆ. ಸಾಕ್ಷಿಯ ಮಾತನ್ನು ಹೇಗೆ ತೂಗಬೇಕೆಂದು ವರ್ಷವರ್ಷವೂ ಹುಡುಗರಿಗೆ ಪಾಠ ಹೇಳುವವನು ನಾನು. ನನ್ನ ನೆನಪನ್ನೇ ಕಟಕಟೆಗೆ ಹತ್ತಿಸಿದರೆ, ಅದರ ಮಾತಿನ ಮೇಲೆ ಒಂದು ಕುರಿಯ ಕಳವನ್ನೂ ತೀರ್ಮಾನ ಮಾಡಲಾರೆ. ಆದರೂ ಕೇಳಿ.

ಪುಣೆಯಲ್ಲಿ ಬಿ.ಎ. ಮುಗಿಸಿ ಗೋಕಾಕದ ಮನೆಗೆ ಬಂದು ಕೂತಿದ್ದ ವರ್ಷ ಅದು. ತಂದೆ ಮೂಡಲಗಿಯಲ್ಲಿ ಕಾಳುಕಡಿಯ ಅಡತಿ ಅಂಗಡಿ ನಡೆಸುತ್ತಿದ್ದರು. ವಾರಕ್ಕೊಮ್ಮೆ ಮನೆಗೆ ಬಂದು, ನನ್ನನ್ನು ಮಾರಾಟವಾಗದ ಚೀಲದಂತೆ ಒಮ್ಮೆ ನೋಡಿ, ತಿರುಗಿ ಹೋಗುತ್ತಿದ್ದರು. ತಾಯಿ ನಾನು ಹುಟ್ಟಿದ ವರ್ಷವೇ ತೀರಿಕೊಂಡಿದ್ದಳು. ನನ್ನ ಅಕ್ಕ ನೀಲಕ್ಕ ಮದುವೆಯಾಗಿ ಹುಕ್ಕೇರಿ ಸೇರಿದ್ದಳು. ಮನೆಯಲ್ಲಿದ್ದವರು ನಾನು ಮತ್ತು ನಮ್ಮಜ್ಜಿ. ನಾವು ಆಕೆಯನ್ನು ಕರೆಯುತ್ತಿದ್ದುದು ಆಯಿ ಎಂದು. ನನ್ನ ಹೆಸರು ಚನ್ನಬಸಪ್ಪ. ತಂದೆಗೆ ಚನ್ನಬಸ್ಯಾ, ಅಕ್ಕನಿಗೆ ತಮ್ಮಾ. ಚೆನ್ನೂ ಎನ್ನುತ್ತಿದ್ದವಳು ಆಯಿ ಒಬ್ಬಳೇ. ಆ ಹೆಸರನ್ನು ಆಕೆ ಎಳೆದು, ಕೊನೆಯಲ್ಲಿ ಸ್ವಲ್ಪ ಮೇಲಕ್ಕೆತ್ತಿ ಕರೆಯುತ್ತಿದ್ದಳು. ಬಾವಿಯಿಂದ ತುಂಬಿದ ಕೊಡವನ್ನು ಮೇಲೆತ್ತಿದ ಹಾಗೆ.

ಮಾಡಲು ಕೆಲಸವಿಲ್ಲದವನು ಏನೇನನ್ನೋ ಕಲಿಯುತ್ತಾನೆ. ಪುಣೆಯ ರಸ್ತೆಬದಿಯ ರದ್ದಿ ರಾಶಿಯಲ್ಲಿ ಹೊದಿಕೆ ಹರಿದ ಇಂಗ್ಲಿಷ್ ಪುಸ್ತಕವೊಂದು ಸಿಕ್ಕಿತ್ತು. ನದಿಯಲ್ಲಿ ಗಾಳ ಹಾಕುವುದನ್ನು ಹೊಸಬರಿಗೆ ಕಲಿಸುವ ಪುಸ್ತಕ. ಹೊಸಬನಿಗೆ ಬೇಕಾದ ಸಾಮಾನುಗಳನ್ನು ಮೊದಲ ಪುಟದಲ್ಲೇ ಬರೆದಿತ್ತು. ಒಳ್ಳೆಯ ಕಟ್ಟಿಗೆಯ ಕೋಲು, ಹಿತ್ತಾಳೆಯ ರಾಟೆ, ರೇಶ್ಮೆಯ ದಾರ, ಇವನ್ನೆಲ್ಲ ಹೊರಲು ಒಬ್ಬ ಆಳು, ಚಳಿಯಾದರೆ ಕುಡಿಯಲು ಬ್ರಾಂಡಿ. ಇವುಗಳಲ್ಲಿ ನನ್ನ ಬಳಿ ಇದ್ದದ್ದು ಹೊಸಬನೆಂಬ ಅರ್ಹತೆ ಮಾತ್ರ. ಮೀನು ತಿನ್ನುವ ಆಸೆ ನನಗಿರಲಿಲ್ಲ. ನಮ್ಮ ಮನೆತನದಲ್ಲಿ ಯಾರೂ ಮಾಡದ್ದನ್ನು ಮಾಡಿ ನೋಡಬೇಕೆಂಬ ಚಪಲ, ಅಷ್ಟೇ. ಹಿಡಿದು ಬಿಟ್ಟುಬಿಡುತ್ತೇನೆ, ಇದೊಂದು ಪ್ರಯೋಗ ಎಂದು ನನಗೆ ನಾನೇ ಹೇಳಿಕೊಂಡೆ.

ದಾರ ಕೇಳಲು ಪೇಟೆಯ ದರ್ಜಿ ಮೀರಾಸಾಬನ ಅಂಗಡಿಗೆ ಹೋದೆ. ನನಗೆ ಕುಂಚಿಗೆಯಿಂದ ಹಿಡಿದು ಕೋಟಿನವರೆಗೆ ಹೊಲಿದವನು ಅವನೇ. ಯಾತಕ್ಕೆ ದಾರವೆಂದು ತಿಳಿದದ್ದೇ ತಡ, ಕತ್ತರಿ ಕೆಳಗಿಟ್ಟ. ಆಮೇಲೆ ಆ ದಿನ ಅವನ ಅಂಗಡಿಯಲ್ಲಿ ಒಂದು ಗುಂಡಿಯೂ ಹೊಲಿಗೆ ಕಾಣಲಿಲ್ಲ. ಶುಕ್ರವಾರದ ನಮಾಜು ಬಿಟ್ಟರೆ ಅವನಿಗಿದ್ದ ಒಂದೇ ನೇಮ ಗಾಳ. ಹಾಗೆಂದು ಅವನೇನು ದೊಡ್ಡ ಬೇಟೆಗಾರನಲ್ಲ. ನಾನು ಅವನ ಜೊತೆಗಿದ್ದ ವಾರಗಳಲ್ಲಿ ಅವನು ಹಿಡಿದದ್ದು ಬೆರಳುದ್ದದ ನಾಲ್ಕಾರು ಗೆಂಡೆಮೀನು. ಅವು ಅಂಗಡಿ ತಲುಪುವಷ್ಟರಲ್ಲಿ ಮೊಳದುದ್ದ ಬೆಳೆಯುತ್ತಿದ್ದವು. ಸಂಜೆಯ ಚಹಾದ ಹೊತ್ತಿಗೆ ದಾರ ಹರಿದುಕೊಂಡು ಹೋದ ಇನ್ನೊಂದು, ಎಮ್ಮೆಕರುವಿನಷ್ಟು ದೊಡ್ಡದು, ಅವುಗಳ ಜೊತೆ ಸೇರುತ್ತಿತ್ತು.

ಗೋಣಿ ಹೊಲಿಯುವ ದಪ್ಪ ಸೂಜಿಯನ್ನು ಚಿಮಣಿ ದೀಪದ ಉರಿಯಲ್ಲಿ ಕೆಂಪಗೆ ಕಾಯಿಸಿ, ಇಕ್ಕಳದಿಂದ ಬಗ್ಗಿಸಿ, ಎಣ್ಣೆಯಲ್ಲಿ ಅದ್ದಿ ಗಾಳ ಮಾಡುವುದನ್ನು ಅವನೇ ತೋರಿಸಿದ. ದಾರಕ್ಕೆ ಮೇಣ ಉಜ್ಜುವುದು, ಜೋಳದ ದಂಟಿನ ಬೆಂಡನ್ನು ದಾರಕ್ಕೆ ಸಿಕ್ಕಿಸಿ ನೀರಿನ ಮೇಲೆ ತೇಲಿಬಿಡುವುದು, ಬೆಂಡು ಮುಳುಗಿದರೆ ಮೀನು ಕಚ್ಚಿದೆಯೆಂದು ತಿಳಿಯುವುದು. ಇಷ್ಟೇ ವಿದ್ಯೆ. ಎರೆಹುಳು ಚುಚ್ಚುವುದು ನನ್ನಿಂದಾಗಲಿಲ್ಲ. ಬೆಲ್ಲ ಬೆರೆಸಿದ ಜೋಳದ ಹಿಟ್ಟಿನ ಉಂಡೆ ಹಚ್ಚಿದೆ. ಮೀರಾಸಾಬ ಅದನ್ನು ನೋಡಿ, "ಬಿ.ಎ. ಸಾಹೇಬ್ರ, ಮೀನಿನ ಜೋಡಿ ಬೀಗತನ ಮಾಡಾಕ ಬಂದಂಗ ಐತ್ರಿ ಇದು" ಎಂದ. ಮೀನುಗಳು ಆ ಸತ್ಕಾರವನ್ನು ಒಪ್ಪಲಿಲ್ಲ.

ನಮ್ಮ ಜಲಪಾತ ಧಬಧಬೆಗೂ ಗೋಕಾಕ ಊರಿಗೂ ನಡುವೆ ನದಿ ಗುಡ್ಡಗಳ ಸಂದಿಯಲ್ಲಿ ಹರಿಯುತ್ತದೆ. ಅಲ್ಲೊಂದು ತಿರುವಿನಲ್ಲಿದೆ ಮೂಕ ಮಡು. ಮಳೆಗಾಲದ ಹೊನಲು ಇಳಿದು, ನೀರು ತಿಳಿಯಾಗಿ ಹಸಿರಾಗುವ ಮಹಾನವಮಿಯ ಸುಮಾರಿಗೆ, ಧಬಧಬೆಯ ಸದ್ದು ಆ ಕಣಿವೆಯುದ್ದಕ್ಕೂ ತುಂಬಿರುತ್ತದೆ. ಮಡುವಿನ ದಂಡೆಗೆ ಇಳಿಯುವಲ್ಲಿ ಒಂದು ದೊಡ್ಡ ಬಂಡೆ. ಅದನ್ನು ದಾಟಿ ಕೆಳಗೆ ಕಾಲಿಟ್ಟರೆ ಸದ್ದು ಕತ್ತರಿಸಿದಂತೆ ನಿಲ್ಲುತ್ತದೆ. ಒಂದು ಹೆಜ್ಜೆ ಹಿಂದೆ ಇಟ್ಟರೆ ಮತ್ತೆ ಕೇಳುತ್ತದೆ. ಮೊದಲ ದಿನ ನಾನು ಮಗುವಿನಂತೆ ಹಿಂದೆ ಮುಂದೆ ಹೆಜ್ಜೆಯಿಟ್ಟು ನೋಡಿದೆ. ಬಂಡೆ ಸದ್ದಿಗೆ ಅಡ್ಡವಾಗುತ್ತದೆ, ಇದರಲ್ಲಿ ವಿಚಿತ್ರವೇನಿಲ್ಲ ಎಂದು ಮೀರಾಸಾಬನಿಗೆ ವಿವರಿಸಿದೆ. ಅವನು ತಲೆಯಾಡಿಸಿದ. ಸ್ವಲ್ಪ ಹೊತ್ತಿನ ಮೇಲೆ ನನಗೇ ಹೊಳೆಯಿತು: ಅಲ್ಲಿ ಹಕ್ಕಿಗಳ ಸದ್ದೂ ಇರಲಿಲ್ಲ. ದಂಡೆಗೆ ನೀರು ಬಡಿಯುತ್ತಿತ್ತು, ಬಡಿದ ಸದ್ದಿಲ್ಲ. ನಮ್ಮ ಮಾತು ಮಾತ್ರ ತೀರ ಹತ್ತಿರದಲ್ಲಿ, ಗಡಿಗೆಯೊಳಗೆ ಆಡಿದಂತೆ ಕೇಳುತ್ತಿತ್ತು.

ಅಲ್ಲಿಯ ರೀತಿಯನ್ನು ಮೀರಾಸಾಬ ಆಗಲೇ ಹೇಳಿದ.

"ಇಲ್ಲೆ ಯಾರೂ ಯಾರ ಹೆಸರೂ ಹಿಡದ ಕರಿಯಂಗಿಲ್ರಿ. ನನಗ ನೀವು ದಂಡ್ಯಾಂವ, ನಿಮಗ ನಾನೂ ದಂಡ್ಯಾಂವ. ಅಷ್ಟ ಸಾಕು."

"ಕರದ್ರ ಏನಾಕ್ಕತಿ ಕಾಕಾ?"

"ದಂಡಿ ಮ್ಯಾಲ ಇದ್ದವ್ರು ಕರಿಯಂಗ ಇಲ್ಲಲ್ರಿ. ಹಂಗಿದ್ದೂ ನಿಮ್ಮ ಹೆಸರು ಕೇಳಿಸ್ತಂದ್ರ, ಕರದಾಂವ ದಂಡಿ ಮ್ಯಾಲ ಇಲ್ಲಂತ ತಿಳೀರಿ. ಓ ಅನಬ್ಯಾಡ್ರಿ."

ನಾನು ನಕ್ಕೆ. ಆದರೆ ತರ್ಕದ ವಿದ್ಯಾರ್ಥಿಯಾಗಿ ಅದರಲ್ಲಿ ತಪ್ಪು ಹುಡುಕಲು ಹೋಗಿ ಸೋತೆ. ದಂಡೆಯ ಮೇಲಿರುವ ಯಾರೂ ಹೆಸರಿನಿಂದ ಕರೆಯುವುದಿಲ್ಲ. ನನ್ನನ್ನು ಹೆಸರಿನಿಂದ ಕರೆಯಲಾಯಿತು. ಆದ್ದರಿಂದ ಕರೆದವನು ದಂಡೆಯ ಮೇಲಿಲ್ಲ. ಪರೀಕ್ಷೆಯಲ್ಲಿ ಬರೆದಿದ್ದರೆ ಪೂರ್ಣ ಅಂಕ ಕೊಡಬೇಕಾದ ಉತ್ತರ. ಇಂದಿಗೂ ತರಗತಿಯಲ್ಲಿ ಈ ಪಾಠ ಬಂದಾಗ ನಾನು ಬೇರೆ ಉದಾಹರಣೆ ಕೊಡುತ್ತೇನೆ.

ಇನ್ನು ನನ್ನ ಕೊರಳಿನ ಮಾತು. ಹುಟ್ಟಿದ ಕೂಸಿಗೆ ಲಿಂಗ ಕಟ್ಟುವುದು ನಮ್ಮಲ್ಲಿ ಪದ್ಧತಿಯಷ್ಟೇ. ನನಗೆ ಕಟ್ಟಿಸಿದವಳು ಆಯಿ. ಅದನ್ನಿಡುವ ಬೆಳ್ಳಿಯ ಕರಡಿಗೆ ಹಬ್ಬಕ್ಕೆ. ನಿತ್ಯಕ್ಕೆ ಬಿಳಿಯ ಬಟ್ಟೆಯ ಸಣ್ಣ ಗಂಟು, ಅದಕ್ಕೆ ದಾರ. ಆಯಿ ತನ್ನ ಹಳೆಯ ಸೀರೆಯ ಒಂದೇ ತುಂಡನ್ನು ಹರಿದು ತನಗೊಂದು ನನಗೊಂದು ಗಂಟು ಮಾಡುತ್ತಿದ್ದಳು. ಚಿಕ್ಕಂದಿನಲ್ಲಿ ಬೆಳಿಗ್ಗೆ ಅವಳೆದುರು ಚಕ್ಕಳಮಕ್ಕಳ ಕೂತು, ಲಿಂಗವನ್ನು ಎಡಗೈಯಲ್ಲಿ ಇಟ್ಟುಕೊಂಡು ಕಣ್ಣು ಮಿಟುಕಿಸದೆ ನೋಡುವುದೇ ನನ್ನ ದೊಡ್ಡ ಆಟವಾಗಿತ್ತು. ವಿಭೂತಿಯ ವಾಸನೆ, ತಣ್ಣನೆಯ ನೆಲ, ಕರಿಯ ಲಿಂಗದ ಮೈಯಲ್ಲಿ ದೀಪದ ಒಂದು ಚುಕ್ಕೆ. ಮೊದಲು ಕಣ್ಣು ಮಿಟುಕಿಸುತ್ತಿದ್ದವನು ನಾನೇ.

ಪುಣೆಯಲ್ಲಿ ಓದಿದ ಮೇಲೆ ಅದು ನನಗೆ ಒಂದು ಕಲ್ಲಾಗಿತ್ತು. ಹಾಗೆಂದು ವಾದ ಮಾಡಿ ಗೆಳೆಯರನ್ನು ಒಪ್ಪಿಸಿಯೂ ಇದ್ದೆ. ಆದರೆ ಮಡುವಿನ ದಂಡೆಯಲ್ಲಿ ಗಾಳ ಎಸೆಯಲು ನಿಂತಾಗ ಕೈ ಏಳಲಿಲ್ಲ. ಒಂದು ಜೀವದ ಬಾಯಿಗೆ ಕೊಕ್ಕೆ ಹಾಕುವವನು ಅದನ್ನು ಎದೆಯ ಮೇಲೆ ಇಟ್ಟುಕೊಂಡು ಹಾಕಬಾರದು. ತಲೆ ಇದನ್ನು ಹೇಳಲಿಲ್ಲ, ಕೈ ಹೇಳಿತು. ಹಾಗಾಗಿ ಗಾಳ ಹಾಕುವ ಮುಂಚೆ ಪ್ರತಿದಿನ ಅದನ್ನು ತೆಗೆದು, ನೀರಿನ ಮೇಲೆ ಬಾಗಿದ್ದ ಹೊಂಗೆಯ ಕೊಂಬೆಗೆ ತೂಗುಹಾಕುತ್ತಿದ್ದೆ. ನಂಬುವವನು ಗಾಳವನ್ನೇ ಹಿಡಿಯುತ್ತಿರಲಿಲ್ಲ. ನಂಬದವನು ಅದನ್ನು ತೆಗೆಯುವ ಗೊಡವೆಗೇ ಹೋಗುತ್ತಿರಲಿಲ್ಲ. ಎರಡರ ನಡುವೆ ಸಿಕ್ಕವನು ನೀರಿನ ಮೇಲೆ ನೇತುಹಾಕುತ್ತಾನೆ.

ಒಂದು ಮಟಮಟ ಮಧ್ಯಾಹ್ನ. ಬೆಂಡು ಅಲುಗದೆ ನಿಂತಿತ್ತು. ಮೀರಾಸಾಬ ನನ್ನ ಬಲಗಡೆ ಕೂತು ತೂಕಡಿಸುತ್ತಿದ್ದ. ಎಡಗಡೆ ಹಿಂದಿನಿಂದ, ತೀರ ಹತ್ತಿರದಲ್ಲಿ, "ಚೆನ್ನೂ" ಎಂದು ಕೇಳಿತು. ಕೊನೆಯಲ್ಲಿ ಮೇಲಕ್ಕೆತ್ತಿದ ಅದೇ ಕರೆ. "ಬಂದೆ ಆಯಿ" ಎಂದು ತಿರುಗಿದೆ. ಯೋಚಿಸಲು ಹೊತ್ತೆಲ್ಲಿತ್ತು? ಹುಟ್ಟಿದಾಗಿನಿಂದ ಕೊಟ್ಟ ಉತ್ತರ ಅದು. ತಿರುಗಿದ ರಭಸಕ್ಕೆ ಕೋಲು ಮೇಲೆದ್ದು ದಾರ ಹೊಂಗೆಯ ಕೊಂಬೆಗೆ ಸುತ್ತಿಕೊಂಡಿತು. ಬಿಡಿಸಲು ಎಳೆದೆ. ಬಿಳಿಯ ಗಂಟು ಕೊಂಬೆಯಿಂದ ಜಾರಿ ನೀರಿಗೆ ಬಿತ್ತು. ಬಿದ್ದ ಸದ್ದು ನನ್ನ ನೆನಪಿನಲ್ಲಿಲ್ಲ.

ಮೀರಾಸಾಬನಿಗೆ ಎಚ್ಚರವಾಗಿತ್ತು. ಗಂಟು ಬಿದ್ದದ್ದನ್ನು ಅವನಿನ್ನೂ ನೋಡಿರಲಿಲ್ಲ. ನನ್ನ ಮುಖ ನೋಡಿ, ಮೆಲ್ಲಗೆ ಕೇಳಿದ: "ಯಾರಿಗೆ ಓ ಅಂದ್ರಿ?"

ಸಂಜೆ ಮನೆಗೆ ಬಂದಾಗ ಆಯಿ ಹಿತ್ತಲ ಬಾಗಿಲಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. ಮಧ್ಯಾಹ್ನ ನನ್ನನ್ನು ಕರೆದೆಯಾ ಎಂದು ಕೇಳಿದೆ. ಆಕೆ ಮೊರದಿಂದ ತಲೆಯೆತ್ತದೆ, ಸ್ವಲ್ಪ ಕಣ್ಣು ಹತ್ತಿತ್ತು, ಕನಸಿನಲ್ಲಿ ನೀನು ನೀರಿನ ದಂಡೆಗೆ ನಿಂತಿದ್ದೆ, ಹಿಂದೆ ಸರಿಯೆಂದು ಕರೆದೆನೇನೋ ಎಂದಳು. ಅವಳು ಹೀಗೆ ಹೇಳಿದಳೆಂದು ನನಗೆ ಸ್ಪಷ್ಟ ನೆನಪಿದೆ. ನೆನಪು ಇಷ್ಟೊಂದು ಸ್ಪಷ್ಟವಾಗಿದ್ದಾಗಲೇ ನನಗೆ ಅನುಮಾನ ಹೆಚ್ಚು. ಈ ಮಾತನ್ನು ಆಮೇಲೆ ನಾನೇ ಅವಳ ಬಾಯಲ್ಲಿಟ್ಟಿರಬಹುದು.

ಊಟಕ್ಕೆ ಕೂತಾಗ ಅವಳ ದೃಷ್ಟಿ ನನ್ನ ಕೊರಳಿಗೆ ಹೋಯಿತು.

"ಕೊಳ್ಳಾಗಿಂದು ಎಲ್ಲೈತಿ?"

"ನೀರಾಗ ಬಿತ್ತು ಆಯಿ. ಮೂಕ ಮಡುವಿನ್ಯಾಗ."

ಬೈಯುತ್ತಾಳೆಂದುಕೊಂಡೆ. ಆಕೆ ತನ್ನ ಮುಂದಿದ್ದ ತಾಟನ್ನು ನಿಧಾನವಾಗಿ ಪಕ್ಕಕ್ಕೆ ಸರಿಸಿದಳು. ನೀರಿನ ತಂಬಿಗೆಯನ್ನೂ ಸರಿಸಿದಳು.

"ನೀ ಉಣ್ಣು. ನಿಂದಿನ್ನೂ ಹಸಿ ನಂಬಿಗಿ, ಉಪಾಸ ತಡಿಯಂಗಿಲ್ಲ. ಅದು ತಿರುಗಿ ಬರೂತನ ನಿನ್ನ ಪಾಲಿಂದು ನಾ ಇರತೇನಿ."

ಲಿಂಗ ಕಳೆದವನು ಅದು ಸಿಗುವವರೆಗೆ ಅನ್ನ ನೀರು ಮುಟ್ಟಬಾರದೆಂಬುದು ಆಕೆಯ ಕಾಲದ ನಿಷ್ಠೆ. ಕಳೆದವನು ನಾನು. ಎಪ್ಪತ್ತು ದಾಟಿದ ಜೀವ ಅವಳದು. ನಾನು ಆ ರಾತ್ರಿ ಒಂದು ಭಾಷಣವನ್ನೇ ಮಾಡಿದೆ. ಕುರುಹು ಬೇರೆ, ವಸ್ತು ಬೇರೆ. ಶರಣರೇ ಹೀಗೆ ಹೇಳಿದ್ದಾರೆ, ಹಾಗೆ ಹೇಳಿದ್ದಾರೆ. ಅವಳು ಕೊನೆಯವರೆಗೂ ಕೇಳಿದಳು. "ಪುಸ್ತಕದಾಗಿಂದು ಮುಗೀತೇನು? ಹಂಗಾರ ದೀಪಾ ಸಣ್ಣ ಮಾಡು, ಎಣ್ಣಿ ಸುಡತೈತಿ" ಎಂದು ಮಗ್ಗುಲಾದಳು.

ಮರುದಿನ ಮಠದ ಅಯ್ಯನವರು ಬಂದು, ವಿಧಿಪ್ರಕಾರ ಹೊಸದನ್ನು ಕಟ್ಟಿಸೋಣ, ಅದಕ್ಕೆ ದಾರಿಯಿದೆ ಎಂದರು. "ಹೊಸಾದು ಕಟ್ಟೂದು ನಿಮ್ಮ ಕೈಯಾಗೈತಿ ಅಯ್ಯನೋರ" ಎಂದಳು ಆಯಿ. "ಅಲ್ಲೆ ಕತ್ತಲಾಗ ಒಂಟಿ ಕುಂತದಲ್ಲ, ಅದರ ಗತಿ ಏನು?"

ಅಯ್ಯನವರು ನನ್ನ ಕಡೆ ನೋಡಿದರು. ನಾನು ಮಡುವಿಗೆ ಓಡಿದೆ.

ಊರಿನ ಒಬ್ಬ ಅಂಬಿಗ ನನ್ನ ಒತ್ತಾಯಕ್ಕೆ ಒಮ್ಮೆ ಮುಳುಗಿದ. ಬಹಳ ಹೊತ್ತಾದ ಮೇಲೆ ಎದ್ದು ಬಂದು ಬಂಡೆಯ ಮೇಲೆ ಕೂತ. ತಳ ಸಿಗಲಿಲ್ಲವಂತೆ. ಕೆಳಗೆ ಹೋದಷ್ಟೂ ನೀರು ಬೆಚ್ಚಗಾಗುತ್ತದಂತೆ. ತಣ್ಣಗಿದ್ದರೆ ಮತ್ತೊಮ್ಮೆ ಮುಳುಗುತ್ತಿದ್ದೆ ಎಂದು ಹೇಳಿ ತಲೆ ಒರೆಸಿಕೊಂಡು ಹೋದ.

ಬಾವಿಗೆ ಬಿದ್ದ ಕೊಡ ತೆಗೆಯಲು ಪಾತಾಳಗರಡಿ ಎಂಬ ಕೊಕ್ಕೆಗಳ ಗೊಂಚಲಿರುತ್ತದಲ್ಲ, ಅದನ್ನು ಓಣಿಯ ಒಂದು ಮನೆಯಿಂದ ತಂದೆ. ಪಾತಾಳಗರಡಿಯನ್ನು ಸುಮ್ಮನೆ ಕೊಡುವುದಿಲ್ಲ, ಒತ್ತೆಗೆ ನಮ್ಮ ಹಿತ್ತಾಳೆಯ ಕೊಡ ಇಟ್ಟುಕೊಂಡರು. ಅದನ್ನು ಮಡುವಿಗಿಳಿಸಿ ಎಳೆದರೆ ಬೇರುಗಳು ಬಂದವು. ಒಮ್ಮೆ ತಲೆಗೂದಲಿನಂತೆ ಸಿಕ್ಕುಸಿಕ್ಕಾದ ದಾರದ ಒಂದು ಮುದ್ದೆ ಬಂತು. ಎಷ್ಟೋ ಜನರ ಗಾಳದ ದಾರಗಳು. ಮೀರಾಸಾಬ ಅದನ್ನು ಕೋಲಿನಿಂದ ತಿರುವಿ ನೋಡಿ, "ಓ ಅಂದವ್ರದು" ಎಂದು ಮತ್ತೆ ನೀರಿಗೆ ತಳ್ಳಿದ. ಮೊಳದುದ್ದದ ಮೀನುಗಳನ್ನು ಹುಟ್ಟಿಸಿದ ಬಾಯಿ ಅದು ಎಂದು ನಾನು ಸಮಾಧಾನ ಮಾಡಿಕೊಂಡೆ. ಆದರೆ ಆ ದಿನ ಅವನು ನಗಲಿಲ್ಲ.

ಕಬ್ಬಿಣದ ಗರಡಿ ಬಟ್ಟೆಯ ಗಂಟಿಗೆ ತೀರ ದಪ್ಪ. ಆ ರಾತ್ರಿ ಮೀರಾಸಾಬ ಗೋಣಿಸೂಜಿಗಳನ್ನು ಬಗ್ಗಿಸಿ, ಬೆನ್ನಿಗೆ ಬೆನ್ನು ಹಚ್ಚಿ ಕಟ್ಟಿ, ಸೂಜಿಯದೇ ಒಂದು ಪಾತಾಳಗರಡಿ ಮಾಡಿಕೊಟ್ಟ. ಅದನ್ನು ಹಿಡಿದು ಬೆಳಗಿನಿಂದ ನಿಂತೆ. ಓದುಗರೇ, ನಾನು ಗಾಳ ಹಾಕಲು ಕಲಿತದ್ದು ಆ ದಿನ. ಅಲ್ಲಿಯವರೆಗೆ ನಡೆದದ್ದು ಆಟ. ದಾರವನ್ನು ತೋರುಬೆರಳಿನ ಮೇಲೆ ಹಾಯಿಸಿ ಕಣ್ಣು ಮುಚ್ಚಿದರೆ ಕೆಳಗಿನ ಲೋಕವೆಲ್ಲ ಬೆರಳಿಗೆ ಬರುತ್ತದೆ. ಕಲ್ಲು ಟಕ್ಕೆನ್ನುತ್ತದೆ. ಬೇರು ಹಿಡಿದು ಜಗ್ಗಿ ಬಿಡುತ್ತದೆ. ರಾಡಿ ಎಳೆದಷ್ಟೂ ಬರುತ್ತದೆ. ಮೀನು ನಡುಗುತ್ತದೆ. ಇವು ಯಾವುವೂ ಅಲ್ಲದ ಇನ್ನೊಂದಿತ್ತು. ಅದು ದಾರವನ್ನು ಜಗ್ಗುತ್ತಿರಲಿಲ್ಲ, ಬಿಡುತ್ತಲೂ ಇರಲಿಲ್ಲ. ನಾನು ಹೇಗೆ ಹಿಡಿದಿದ್ದೆನೋ ಹಾಗೆಯೇ ಆ ತುದಿಯಲ್ಲಿ ಹಿಡಿದುಕೊಂಡಿರುತ್ತಿತ್ತು. ನಾನು ಬೆರಳು ಸಡಿಲಿಸಿದರೆ ತಾನೂ ಸಡಿಲಿಸುತ್ತಿತ್ತು.

ಇನ್ನೊಂದು ವಿಚಿತ್ರ. ವಾರಗಟ್ಟಲೆ ಬೆಲ್ಲದ ಉಂಡೆಯನ್ನು ಮೂಸಿಯೂ ನೋಡದ ಮೀನುಗಳು ಆ ದಿನ ಬರಿಯ ಸೂಜಿಗೆ ಬರತೊಡಗಿದವು. ಗೆಂಡೆ, ಬಾಳೆಮೀನು, ಹಾವಿನಂಥ ಒಂದು ಉದ್ದನೆಯ ಮೀನು. ಒಂದನ್ನು ಬಿಡಿಸಿ ನೀರಿಗೆ ಬಿಟ್ಟರೆ ಇನ್ನೊಂದು. ಅವು ಒದ್ದಾಡುತ್ತಿರಲಿಲ್ಲ. ಮೇಲೆ ಬಂದು, ಬಾಯಿ ತೆರೆದು, ನನ್ನನ್ನೇ ನೋಡುತ್ತಿದ್ದವು. ಯಾವ ಹೊಸಬನಿಗೂ ಇಂಥ ದಿನ ಬಂದಿರಲಾರದು. ಮೀನು ಬಂದಾಗಲೆಲ್ಲ ನನಗೆ ಅಳು ಬರುತ್ತಿತ್ತು.

ಅದರ ಮರುದಿನ ಬೆಳಿಗ್ಗೆ ಆಯಿಯ ನಾಲಿಗೆ ಒಣಗಿ ಮಾತು ಅಂಟಂಟಾಗಿತ್ತು. ಆದರೂ ಎದ್ದು ಕೂತು ತನ್ನ ಲಿಂಗಪೂಜೆ ಮಾಡಿಕೊಂಡಳು. ನೈವೇದ್ಯಕ್ಕಿಟ್ಟ ನೀರನ್ನು ಗಿಡಕ್ಕೆ ಹಾಕಿಸಿದಳು. ನಾನು ಮಡುವಿಗೆ ಹೋದೆ. ಮೀರಾಸಾಬ ಬಂದ, ಸ್ವಲ್ಪ ಹೊತ್ತು ನನ್ನ ಕೈಗಳನ್ನು ನೋಡಿದ. ದಾರ ಕೊಯ್ದು ರಕ್ತವಾಗಿತ್ತು. ತಾನು ಹೋಗಿ ಆಯಿಗೆ, ಅವನ ಮಾತಿನಲ್ಲಿ ಅವ್ವಾರಿಗೆ, ಒಂದು ಗುಟುಕು ನೀರು ಕುಡಿಯಲು ಹೇಳಿ ನೋಡುತ್ತೇನೆ ಎಂದು ಎದ್ದು ಹೋದ.

ತಿರುಗಿ ಬಂದಾಗ ಬಿಸಿಲು ನೆತ್ತಿಗೇರಿತ್ತು. ರೊಟ್ಟಿ ತಂದಿದ್ದ. ಕುಡಿದಳೇ ಎಂದು ಕೇಳಿದರೆ ಇಲ್ಲವೆಂದು ತಲೆಯಾಡಿಸಿದ. ಕೋಲನ್ನು ತಾನು ಹಿಡಿಯುತ್ತೇನೆ, ನೀರಿಗೆ ಬೆನ್ನು ಮಾಡಿ ಕೂತು ತಿನ್ನಿ, ಹಸಿದವನ ಬೆರಳಿಗೆ ಏನೂ ತಿಳಿಯುವುದಿಲ್ಲ ಎಂದ. ನಾನು ಬಂಡೆಯ ಕಡೆ ಮುಖ ಮಾಡಿ ತಿಂದೆ. ಹಿಂದೆ ಅವನು ಗಾಳ ಮೇಲೆತ್ತಿದ್ದು, ಇಳಿಸಿದ್ದು, ಒಮ್ಮೆ ಸರಕ್ಕನೆ ಉಸಿರೆಳೆದದ್ದು ತಿಳಿಯಿತು. ಆಮೇಲೆ, "ದಂಡ್ಯಾಂವ, ಬರ್ರಿ. ಈಗ ನೀವು ಹಿಡೀರಿ."

ಹಿಡಿದೆ. ಭಾರವಿತ್ತು. ಅದು ಕಲ್ಲಲ್ಲ, ಬೇರಲ್ಲ, ಮೀನಲ್ಲ. ನಡೆಯಲು ಕಲಿಯುವ ಕೂಸು ಬೆರಳು ಹಿಡಿದು ಬಂದಂತೆ ಬಂತು. ಸೂಜಿಯ ತುದಿಯಲ್ಲಿ ಬಿಳಿಯ ಗಂಟು.

ಆಯಿ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ಬಿಚ್ಚಿದಳು. ಎಡಗೈಯಲ್ಲಿಟ್ಟು ಬಹಳ ಹೊತ್ತು ನೋಡಿದಳು. ಆಕೆ ಕಣ್ಣು ಮಿಟುಕಿಸಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. "ಬಂತಲ್ಲ" ಎಂದು ಬೇರೆ ಒಣ ಬಟ್ಟೆಯಲ್ಲಿ ಸುತ್ತಿ ನನ್ನ ಕೊರಳಿಗೆ ಕಟ್ಟಿ, ತಂಬಿಗೆ ಎತ್ತಿ ನೀರು ಕುಡಿದಳು. ಗಂಟಲಲ್ಲಿ ನೀರು ಇಳಿಯುವುದು ಹೊರಗಿನಿಂದ ಕಾಣುತ್ತಿತ್ತು. ಬಿಚ್ಚಿದ ಬಟ್ಟೆಯನ್ನು ನಾನು ಮಡಚಲು ತೆಗೆದುಕೊಂಡೆ. ಹೊರಗೆ ತೊಪ್ಪನೆ ತೊಯ್ದಿತ್ತು. ಒಳಗಿನ ಪದರ ಒಣಗಿಯೇ ಇತ್ತು.

ಒಣಗಿತ್ತೇ? ಇಲ್ಲಿ ನನ್ನ ಸಾಕ್ಷಿ ತೊದಲುತ್ತದೆ. ಒಣಗಿತ್ತೆಂದು ಬೆರಳು ಹೇಳುತ್ತದೆ. ಮೂರು ದಿನ ದಾರ ಹಿಡಿದು ಮರಗಟ್ಟಿದ್ದ ಬೆರಳು ಅದು.

ಆಮೇಲಿನ ವರ್ಷಗಳಲ್ಲಿ ಆಯಿ ಪೂಜೆಗೆ ಗೋಡೆಯ ಕಡೆ ಮುಖ ಮಾಡಿ, ಅಂಗೈ ಮೇಲೆ ಸೆರಗು ಹಾಕಿಕೊಂಡು ಕೂರುತ್ತಿದ್ದಳು. ಮೊದಲು ಹೀಗಿರಲಿಲ್ಲವೆಂಬುದು ನನ್ನ ನೆನಪು. ಅವಳು ಯಾವಾಗಲೂ ಹಾಗೆಯೇ ಕೂರುತ್ತಿದ್ದಳು ಎನ್ನುತ್ತಾಳೆ ನೀಲಕ್ಕ. "ನೀ ಯಾವತ್ತು ಲಕ್ಷ್ಯ ಕೊಟ್ಟ ನೋಡಿದ್ದಿ, ತಮ್ಮಾ?"

ನನಗೆ ನೌಕರಿ ಸಿಕ್ಕಿತು. ಕೆಲವು ವರ್ಷಗಳ ನಂತರ ಆಯಿ ನಿದ್ದೆಯಲ್ಲೇ ಹೋದಳು. ನಮ್ಮಲ್ಲಿ ಕೂರಿಸಿ ಮಣ್ಣು ಕೊಡುತ್ತಾರೆ. ಎಡಗೈಯಲ್ಲಿ ಅವರವರ ಲಿಂಗವನ್ನು ಇಡುತ್ತಾರೆ. ಅಯ್ಯನವರು ಸಮಾಧಿಯ ಕುಣಿಗೆ ಇಳಿದು ಅವಳ ಕೊರಳಿನ ಗಂಟು ಬಿಚ್ಚತೊಡಗಿದರು. ಒಣಗಿದ ಪದರದ ಅನುಮಾನ ಅಷ್ಟು ವರ್ಷ ನನ್ನೊಳಗೆ ಕೂತಿತ್ತಲ್ಲ. ಆ ಗಂಟಿನಲ್ಲಿ ಏನಿದೆಯೆಂದು ನೋಡಲೇಬೇಕೆಂದು ಬಗ್ಗಿ ನಿಂತಿದ್ದೆ. ಆಗ ಹಿಂದಿನಿಂದ, ತೀರ ಹತ್ತಿರದಲ್ಲಿ, ಯಾರೋ "ಚೆನ್ನೂ" ಎಂದರು.

ನಾನು ತಿರುಗಿದೆ. ಹಿಂದೆ ಬಯಲಿತ್ತು. ಮತ್ತೆ ಈ ಕಡೆ ನೋಡುವಷ್ಟರಲ್ಲಿ ಆಯಿಯ ಎಡಗೈ ಮುಚ್ಚಿ, ಅದರ ಮೇಲೆ ವಿಭೂತಿ ಸುರಿದಿದ್ದರು.

ತನ್ನ ಕಣ್ಣಾರೆ ಲಿಂಗ ನೋಡಿದೆನೆಂದು ನೀಲಕ್ಕ ಆಣೆ ಮಾಡುತ್ತಾಳೆ. ಆ ಹೊತ್ತಿನಲ್ಲಿ ಆಕೆಯ ಕಣ್ಣುಗಳು ನೀರು ತುಂಬಿ ಏನೂ ಕಾಣದಂತಿದ್ದವು. ಅಯ್ಯನವರನ್ನು ಕೇಳುವ ಧೈರ್ಯ ನನಗಾಗಲಿಲ್ಲ. ನೆಟ್ಟಗೆ ಮೀರಾಸಾಬನ ಅಂಗಡಿಗೆ ಹೋದೆ. ಅವನು ಮುದುಕನಾಗಿದ್ದ, ಸೂಜಿಗೆ ದಾರ ಪೋಣಿಸಲು ಹೋಗುಬರುವವರನ್ನು ಕರೆಯುತ್ತಿದ್ದ. ಅವನ ಸೂಜಿಗೆ ದಾರ ಹಾಕಿಕೊಟ್ಟು ಕೇಳಿದೆ: "ಕಾಕಾ, ಅವತ್ತ ಗಾಳಕ್ಕ ಸಿಗಿಸಿದ್ದು ಆಯೀದು. ಹೌದಲ್ಲೊ?"

ಅವನು ಹೊಲಿಗೆ ನಿಲ್ಲಿಸಲಿಲ್ಲ.

"ಹೋಗಿ ಕೇಳಿದ್ದು ಖರೆ ಐತ್ರಿ. ನಿಮ್ಮದ ಕೊಡ್ರಿ ಅವ್ವಾರ, ಹುಡುಗ ತನ್ನದಂತ ತಿಳೀತಾನ, ನಿಮ್ಮ ಜೀವಾನೂ ಉಳೀತೈತಿ, ಅವಂದೂ ಉಳೀತೈತಿ ಅಂದೆ. ಕೊಳ್ಳಾಗಿಂದ ತಗದ ಕೊಟ್ರು. ನಾ ಕೈಲೆ ಮುಟ್ಟಿಲ್ರಿ, ಕತ್ತರಿ ತುದೀಲೆ ಹಿಡಕೊಂಡ ಬಂದೆ."

"ಅದನ್ನ ಸಿಗಿಸಿದಿ."

"ಸಿಗಸಾಕಂತ ಗಾಳ ಮ್ಯಾಲ ಎತ್ತಿದೆ." ಈಗ ಅವನ ಕೈ ನಿಂತಿತು. "ಗಾಳದಾಗ ಆಗಲೇ ಒಂದಿತ್ತು."

ಪೇಟೆಯಲ್ಲಿ ಯಾರದೋ ಬಂಡಿ ಹಾದುಹೋಯಿತು. ಅದು ದಾಟುವವರೆಗೆ ಅವನು ಕಾದ.

"ಕತ್ತರಿ ಜಾರಿ, ಗಾಳಾನೂ ಜಾರಿ, ಎರಡೂ ದಂಡಿ ನೀರಾಗ ಬಿದ್ವು. ಎತ್ತಿದ್ರ ಎರಡೂ ಒಂದ ಬಟ್ಟಿ, ಒಂದ ಗಂಟು. ಒಂದು ಗಾಳಕ್ಕ ಹಾಕಿದೆ. ಒಂದು ಸಂಜಿ ಹೊತ್ತು ಅವ್ವಾರ ಉಡಿಯಾಗ ಹಾಕಿ ಬಂದೆ. ಯಾವ್ದು ಯಾರದಂತ ನಾ ಏನ ಬಲ್ಲೆ ಸಾಹೇಬ್ರ? ಅವರು ಬಲ್ಲರು."

ಅವನು ಸುಳ್ಳು ಹೇಳಿರಬಹುದು. ಮೀನನ್ನು ಮೊಳದುದ್ದ ಮಾಡಿದವನಿಗೆ ಒಂದು ಗಂಟನ್ನು ಎರಡು ಮಾಡುವುದು ಕಷ್ಟವಲ್ಲ. ಮಡುವಿನಿಂದ ಏನೂ ಬರಲಿಲ್ಲವೆಂದರೆ, ಆಯಿ ತನ್ನದನ್ನು ನನಗೆ ಕಟ್ಟಿ ನನ್ನೆದುರೇ ನೀರು ಕುಡಿದಳು. ಆಮೇಲಿನ ಅಷ್ಟೂ ವರ್ಷ ಖಾಲಿ ಅಂಗೈಯ ಮೇಲೆ ಸೆರಗು ಹಾಕಿಕೊಂಡು, ಖಾಲಿ ಅಂಗೈಯಲ್ಲೇ ಮಣ್ಣಿಗೆ ಹೋದಳು. ಇದನ್ನು ನಾನು ಹೊರಲಾರೆನೆಂದು ಮುದುಕ ಆ ಎರಡನೆಯ ಗಂಟನ್ನು ಹೊಲಿದು ಕೊಟ್ಟಿರಬಹುದು. ಅವನು ನಿಜ ಹೇಳಿದ್ದರೆ, ಗಾಳವನ್ನು ಬಿಡದೆ ಹಿಡಿದುಕೊಂಡಿದ್ದ ಆ ಇನ್ನೊಂದು ಯಾವುದೆಂದು ನಾನು ಯೋಚಿಸಬೇಕಾಗುತ್ತದೆ. ನನ್ನ ತರ್ಕಕ್ಕೆ ಇವೆರಡೇ ಬಾಗಿಲು. ಯಾವುದನ್ನು ತೆರೆದರೂ ಒಳಗೆ ಆಯಿ ನನ್ನ ಪಾಲಿನದನ್ನು ಹಿಡಿದು ಕೂತಿದ್ದಾಳೆ.

ಕೊರಳಲ್ಲಿರುವುದನ್ನು ನಾನು ಈಗಲೂ ತೆಗೆದಿಲ್ಲ. ನಂಬಿಕೆಯಿಂದ ಎಂದು ಹೇಳಿದರೆ ಅದು ಸುಳ್ಳಾಗುತ್ತದೆ. ಬೇರೆಯವರ ಒಡವೆಯನ್ನು ಕಾಯುವವನು ತೆಗೆಯುವುದಿಲ್ಲ, ಹಾಗೆ. ಕೆಲವು ಬೆಳಿಗ್ಗೆ ಎಡಗೈಯಲ್ಲಿ ಇಟ್ಟುಕೊಂಡು ನೋಡುತ್ತೇನೆ. ಕರಿಯ ಮೈ ಒಂದು ಕಡೆ ಹೆಚ್ಚು ಸವೆದಿದೆ. ಆ ಸವಕಲಿಗೆ ನನ್ನ ಹೆಬ್ಬೆರಳು ದೊಡ್ಡದಾಗುತ್ತದೆ.

ಆಯಿಯ ಮಣ್ಣು ಮುಗಿಸಿ ಗೋಕಾಕ ಬಿಡುವ ಮುನ್ನ, ಮೊನ್ನೆ ದರ್ಜಿಗೆ ಕೊಟ್ಟ ಆ ಕೋಟನ್ನೇ ಹಾಕಿಕೊಂಡು, ಒಮ್ಮೆ ಮಡುವಿಗೆ ಹೋದೆ. ಮೀರಾಸಾಬನಿಂದ ಒಂದು ಸೂಜಿಗಾಳ, ದಾರ, ಬೆಂಡು ಕೇಳಿ ತಂದಿದ್ದೆ. ಬಂಡೆ ದಾಟಿದೆ. ಸದ್ದು ನಿಂತಿತು. ಗಾಳ ಇಳಿಸಿ ಮಧ್ಯಾಹ್ನವೆಲ್ಲ ಕಾದೆ. ಯಾರಾದರೂ ಕರೆಯಲಿ ಎಂದು ಕಾದೆ. ಈ ಸಲ ತಿಳಿದೂ ಓ ಅನ್ನಲು ಸಿದ್ಧವಾಗಿದ್ದೆ. ಯಾರೂ ಕರೆಯಲಿಲ್ಲ. ಹೊತ್ತು ಇಳಿಯತೊಡಗಿದಾಗ ನಾನೇ ಬಾಯಿ ತೆರೆದೆ. ಅಲ್ಲಿ ಯಾರೂ ಹಿಡಿಯಬಾರದ ಹೆಸರನ್ನು, ಬದುಕಿದ್ದಾಗ ನಾನೆಂದೂ ಹಿಡಿಯದ ಅವಳ ಹೆಸರನ್ನು, ನೀರಿನ ಕಡೆ ತಿರುಗಿ ಕರೆದೆ. "ಸಂಗವ್ವಾ."

ಮೊದಲ ಕೂಗಿಗೆ ಏನೂ ಆಗಲಿಲ್ಲ. ಎರಡನೆಯ ಸಲ ಕರೆದಾಗ ಬೆಂಡು ಒಮ್ಮೆ ತಲೆಯಾಡಿಸಿ ಸುಮ್ಮನಾಯಿತು.

ಸೂಜಿಯನ್ನು ಎಳೆದು ಕೋಟಿನ ಒಳಗೆ ಚುಚ್ಚಿಕೊಂಡು ಎದ್ದು ಬಂದೆ. ಮೀನೇ ಇರಬೇಕು. ಗಾಳಕ್ಕೆ ಹಿಟ್ಟು ಹಚ್ಚಿರಲಿಲ್ಲ, ಅಷ್ಟೇ.